ಹಸು ಸೊರ ಬಿಡುವಾಗ ಕೋಶದ ಪೊರೆಯಲ್ಲಿ ನಡೆಯುವುದೇನು?

ಕರುವನ್ನು ಕುಡಿಯಲು ಬಿಟ್ಟು ಎಳೆದು ಕಟ್ಟಿ, ಕೆಚ್ಚಲು ತೊಳೆದು, ಮೊಲೆತೊಟ್ಟುಗಳನ್ನು ನೀವಿದ ಮೇಲೆ ಹಸು ಸೊರ ಬಿಡುವುದನ್ನು ಹೈನುಗಾರರೆಲ್ಲರೂ ಬಲ್ಲರು. ತೊಟ್ಟು ಬಿಗಿಯುತ್ತದೆ, ಆಮೇಲೆ ಹಾಲು ಸರಾಗವಾಗಿ ಇಳಿಯುತ್ತದೆ. ಆದರೆ ಮುಟ್ಟಿದ ಕೂಡಲೇ ಅಲ್ಲ; ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಎಮ್ಮೆಯಾದರೆ ಇನ್ನೂ ತಡ. ಇಷ್ಟು ಹೊತ್ತು ಕಾಯಲಾರದೆ ಹೊತ್ತು ಹೊತ್ತಿಗೂ ಸೂಜಿಮದ್ದು ಚುಚ್ಚುವವರು ಇಂದಿಗೂ ಇದ್ದಾರೆ. ಆ ಒಂದು ನಿಮಿಷದಲ್ಲಿ ರಾಸಿನ ಮೈಯೊಳಗೆ ನಡೆಯುವುದನ್ನು ತಿಳಿದರೆ, ಸೂಜಿ ಬೇಕೋ ಬೇಡವೋ ಎಂಬುದನ್ನು ರೈತರೇ ತೀರ್ಮಾನಿಸಬಹುದು.

ಕರೆಯುವ ಮೊದಲು ಹಸುವಿನ ಕೆಚ್ಚಲಿನಲ್ಲಿರುವ ಹಾಲಿನ ಸುಮಾರು ಐದರಲ್ಲಿ ನಾಲ್ಕು ಪಾಲು ಸಣ್ಣ ಸಣ್ಣ ಹಾಲುಗುಳ್ಳೆಗಳಲ್ಲಿಯೇ ಇರುತ್ತದೆ. ತೊಟ್ಟಿನ ಮೇಲ್ಗಡೆಯ ಕೋಣೆಗೆ ಇಳಿದಿರುವುದು ಉಳಿದ ಒಂದು ಪಾಲು ಮಾತ್ರ. ಎಮ್ಮೆಯಲ್ಲಿ ಅದೂ ಬಹಳ ಕಡಮೆ. ಪ್ರತಿ ಗುಳ್ಳೆಯನ್ನೂ ಬುಟ್ಟಿಯ ಹೆಣಿಗೆಯಂತೆ ಸ್ನಾಯುಗುಣದ ಕೋಶಗಳು ಸುತ್ತುವರಿದಿವೆ. ಇವು ಬಿಗಿಹಿಡಿದರೇನೇ ಹಾಲು ಕೆಳಗಿಳಿಯುವುದು. ತೊಟ್ಟು ನೀವಿದ ಸುದ್ದಿ ನರಗಳ ಮೂಲಕ ಮೆದುಳನ್ನು ಮುಟ್ಟಿ, ಅಲ್ಲಿನ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಕೆಚ್ಚಲಿಗೆ ಬರುತ್ತದೆ.

ಇಷ್ಟನ್ನು ಪಶುವೈದ್ಯರಿಂದ ಅನೇಕರು ಕೇಳಿರುವಿರಿ. ವಿಶೇಷವೆಂದರೆ ಆಕ್ಸಿಟೋಸಿನ್ ಕೋಶದ ಒಳಕ್ಕೆ ಹೋಗಿ ಕೆಲಸ ಮಾಡುವುದಿಲ್ಲ. ಹೊರಮೈಯ ಗ್ರಾಹಕವೊಂದಕ್ಕೆ ಕೂಡಿಕೊಂಡು ಅಲ್ಲಿಯೇ ನಿಲ್ಲುತ್ತದೆ. ಹಾಗಾದರೆ ಸುದ್ದಿಯನ್ನು ಒಳಗೆ ಒಯ್ಯುವವರು ಯಾರು?

ಕೋಶದ ಪೊರೆ ಎಂದರೆ ಮುಖ್ಯವಾಗಿ ರಂಜಕ ಸೇರಿದ ಕೊಬ್ಬುಗಳ ಎರಡು ಪದರ. ಈ ಕೊಬ್ಬುಗಳಲ್ಲಿ ಒಂದು ಬಗೆಯದರ ತಲೆಯಲ್ಲಿ ಇನೋಸಿಟಾಲ್ ಎಂಬ ಸಕ್ಕರೆಯಂಥ ವಸ್ತುವಿದೆ. ಆ ತಲೆಗೆ ಕೋಶವು ಇನ್ನೂ ಒಂದು, ಎರಡು ಅಥವಾ ಮೂರು ರಂಜಕದ ಗುಂಪುಗಳನ್ನು ಅಂಟಿಸಬಲ್ಲದು. ಇವೇ ಫಾಸ್ಫೋಇನೋಸಿಟೈಡುಗಳು. ಎರಡು ಗುಂಪು ಅಂಟಿದ ಬಗೆಗೆ ಪಿಪ್-2 ಎಂದು ಹೆಸರು. ಪೊರೆಯ ಇಂಥ ಕೊಬ್ಬುಗಳಲ್ಲಿ ಅದರ ಪಾಲು ನೂರಕ್ಕೆ ಒಂದರಷ್ಟು ಮಾತ್ರ. ಆದರೂ ಕೆಲಸವೆಲ್ಲ ಅದರದೇ.

ಗ್ರಾಹಕಕ್ಕೆ ಆಕ್ಸಿಟೋಸಿನ್ ಕೂಡಿದೊಡನೆ ಪೊರೆಯ ಒಳಮೈಯಲ್ಲಿರುವ ಫಾಸ್ಫೋಲೈಪೇಸ್-ಸಿ ಎಂಬ ಕಿಣ್ವ ಚುರುಕಾಗಿ, ಪಿಪ್-2ನ್ನು ಎರಡಾಗಿ ಕತ್ತರಿಸುತ್ತದೆ. ಬಾಲದ ತುಂಡು ಪೊರೆಯಲ್ಲಿಯೇ ಉಳಿದು ಬೇರೆ ಕಿಣ್ವವೊಂದನ್ನು ಎಬ್ಬಿಸುತ್ತದೆ. ತಲೆಯ ತುಂಡಾದ ಐಪಿ-3 ನೀರಿನಲ್ಲಿ ಕರಗುವಂಥದು. ಅದು ಕೋಶದೊಳಕ್ಕೆ ಸರಿದು, ಅಲ್ಲಿ ಕೂಡಿಟ್ಟಿರುವ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶದ, ಕಣಜದ ಬಾಯಿ ತೆರೆಯುತ್ತದೆ. ಸುಮ್ಮನಿರುವ ಕೋಶದ ರಸದಲ್ಲಿ ಈ ಅಂಶ ಹೊರಗಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಮೆ. ಆದ್ದರಿಂದ ಸ್ವಲ್ಪ ಹೊರಬಿದ್ದರೂ ಕೋಶಕ್ಕೆ ತಿಳಿಯುತ್ತದೆ. ಕೋಶ ಬಿಗಿಯುತ್ತದೆ, ಗುಳ್ಳೆ ಹಿಂಡಿಕೊಳ್ಳುತ್ತದೆ, ಹಾಲು ಇಳಿಯುತ್ತದೆ.

ಇದರ ಮೊದಲ ಸುಳಿವು ಸಿಕ್ಕಿದ್ದು ಕೆಚ್ಚಲಿನಲ್ಲಲ್ಲ, ಪಾರಿವಾಳದಲ್ಲಿ. ಹೋಕಿನ್ ದಂಪತಿಗಳು ಅದರ ಮೇದೋಜೀರಕ ಗ್ರಂಥಿಯ ಚೂರುಗಳನ್ನು ಚೋದಿಸಿದಾಗ ಪೊರೆಯ ಕೊಬ್ಬಿಗೆ ರಂಜಕ ಹೆಚ್ಚು ಸೇರುವುದನ್ನು 1953ರಲ್ಲಿ ವರದಿ ಮಾಡಿದರು. ಅದರ ಅರ್ಥ ಬಿಡಿಸಲು ಮೂವತ್ತು ವರ್ಷ ಬೇಕಾಯಿತು. 1983ರಲ್ಲಿ ಮೈಕೆಲ್ ಬೆರಿಜ್ ಮತ್ತು ಅವರ ಸಹೋದ್ಯೋಗಿಗಳು ಐಪಿ-3 ಕ್ಯಾಲ್ಸಿಯಂ ಬಿಡಿಸುವುದನ್ನು ತೋರಿಸಿಕೊಟ್ಟರು. ಆಕ್ಸಿಟೋಸಿನ್ನಿನ ರಚನೆಯನ್ನು ಬಿಡಿಸಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ಡು ವಿನ್ಯೋ ಅವರಿಗೆ 1955ರಲ್ಲೇ ನೊಬೆಲ್ ಪಾರಿತೋಷಕ ಬಂದಿತ್ತು. ಹಾರ್ಮೋನು ಮೊದಲು ಕೈಗೆ ಸಿಕ್ಕಿತು, ಅದರ ಕೆಲಸದ ಬಗೆ ತಡವಾಗಿ ತಿಳಿಯಿತು.

ಇನ್ನು ಸೂಜಿಯ ವಿಚಾರ. ರಕ್ತದಲ್ಲಿ ಆಕ್ಸಿಟೋಸಿನ್ ಕೆಲವೇ ನಿಮಿಷ ಉಳಿಯುತ್ತದೆ. ಐಪಿ-3ನ್ನೂ ಕೋಶ ಬೇಗ ಒಡೆದುಹಾಕಿ, ಅದೇ ಇನೋಸಿಟಾಲಿನಿಂದ ಪಿಪ್-2ನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಹಾಲು ಇಳಿದ ಮೇಲೆ ತಡಮಾಡದೆ ಐದಾರು ನಿಮಿಷದಲ್ಲಿ ಕರೆದು ಮುಗಿಸಬೇಕೆನ್ನುವುದು ಇದಕ್ಕಾಗಿಯೇ. ಚುಚ್ಚುವ ಪ್ರಮಾಣವಾದರೋ ಮೈಯಲ್ಲಿ ತಾನಾಗಿ ಬರುವುದಕ್ಕಿಂತ ಅನೇಕ ಪಟ್ಟು ಹೆಚ್ಚು. ಚೋದನೆ ಅತಿಯಾದಾಗ ಕೋಶಗಳು ಗ್ರಾಹಕಗಳನ್ನು ಒಳಕ್ಕೆಳೆದುಕೊಳ್ಳುವುದುಂಟು. ದಿನವೂ ಸೂಜಿ ಕಂಡ ಹಸುವಿಗೆ ಅದನ್ನು ನಿಲ್ಲಿಸಿದಾಗ, ತನ್ನದೇ ಆಕ್ಸಿಟೋಸಿನ್ ಬಂದರೂ ಕೆಚ್ಚಲು ಪೂರ್ತಿ ಬರಿದಾಗುವುದಿಲ್ಲ. ಇದನ್ನೇ ನಾವು ಸೂಜಿಯ ಚಟ ಎನ್ನುವುದು. ಹಾಲಿಗಾಗಿ ರಾಸಿನ ಆರೋಗ್ಯಕ್ಕೆ ಕೆಡುಕಾಗುವ ಯಾವುದೇ ವಸ್ತುವನ್ನು ಚುಚ್ಚುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 12ನೇ ಕಲಂ ಅಪರಾಧವೆಂದಿದೆ ಎಂಬುದೂ ನೆನಪಿರಲಿ. ಹಾಲು ಇಳಿಸದೆ ನಿಜವಾಗಿ ತೊಂದರೆಪಡುವ ರಾಸಿಗೆ ಕೊಡಬೇಕೇ ಎಂಬುದು ಪಶುವೈದ್ಯರಿಗೆ ಬಿಟ್ಟದ್ದು.

ಹೊಡೆತ, ಕೂಗಾಟ, ಹೊಸ ಜಾಗ, ಹೊಸ ಕೈ ಇವುಗಳಿಂದ ಬೆದರಿದ ಹಸುವಿನಲ್ಲಿ ಆಕ್ಸಿಟೋಸಿನ್ ಬಿಡುಗಡೆಯೇ ತಡೆಯುತ್ತದೆ. ಅದಕ್ಕೆ ಮದ್ದು ಕೊಟ್ಟಿಗೆಯಲ್ಲೇ ಇದೆ. ನಿತ್ಯ ಒಂದೇ ಹೊತ್ತು, ಒಂದೇ ಕೈ, ಒಂದು ನಿಮಿಷ ನೀವುವುದು.

ಇಷ್ಟು ಓದಿ ಇನೋಸಿಟಾಲ್ ಪುಡಿ ಹುಡುಕಿಕೊಂಡು ಪೇಟೆಗೆ ಹೋಗಬೇಡಿರಿ. ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ. ತೌಡಿನ ಫೈಟಿಕ್ ಆಮ್ಲವೂ ಆರು ರಂಜಕದ ಗುಂಪು ಹೊತ್ತ ಇನೋಸಿಟಾಲೇ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಒಡೆಯಬಲ್ಲವು. ಕೋಳಿಗೆ ಈ ಅನುಕೂಲ ಕಡಮೆ.

ಸೂಜಿಗೆ ಒಗ್ಗಿದ ರಾಸನ್ನು ಬಿಡಿಸುವಾಗ ಪಶುವೈದ್ಯರ ಸಲಹೆಯಂತೆ ನಡೆಯಿರಿ. ಮೊದಲ ಕೆಲವು ದಿನ ಹಾಲು ಕಡಮೆಯಾಗುವುದು ಸಹಜ. ಹಾಲು ಕೆಚ್ಚಲಲ್ಲಿ ಉಳಿಯುವುದರಿಂದ ಆ ದಿನಗಳಲ್ಲಿ ಬಾವು, ಗರಣೆ ಕಂಡರೆ ಅಂದೇ ತೋರಿಸತಕ್ಕದ್ದು.