ಹಲ್ಲಿಯ ಊಟಕ್ಕೆ ಚಿಮ್ಮಂಡೆಯ ಬೆಳೆ

ಅಫ್ಘಾನಿಸ್ತಾನ, ಪಾಕಿಸ್ತಾನ ಹಾಗೂ ವಾಯವ್ಯ ಭಾರತದ ಒಣ ಕಲ್ಲುನೆಲದಲ್ಲಿ, ಮೈಮೇಲೆ ಚಿರತೆಯಂತೆ ಚುಕ್ಕೆಗಳುಳ್ಳ ಒಂದು ಬಗೆಯ ಹಲ್ಲಿಯುಂಟು. ಬ್ರಿಟನ್, ಅಮೆರಿಕಗಳಲ್ಲಿ ಇದನ್ನು ಗಾಜಿನ ಪೆಟ್ಟಿಗೆಗಳಲ್ಲಿಟ್ಟು ಸಾಕುವವರು ಬಹು ಮಂದಿ. (ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನೇಕ ಸರೀಸೃಪಗಳನ್ನು ಹಿಡಿಯುವುದೂ ಸಾಕುವುದೂ ಅಪರಾಧ, ಬಯಲಿನಲ್ಲಿ ಕಂಡುದನ್ನು ಮನೆಗೆ ತರುವ ಆಸೆ ವಾಚಕರಿಗೆ ಬೇಡ.) ಈ ಹಲ್ಲಿ ಸೊಪ್ಪನ್ನು ಮುಟ್ಟದು, ಅದಕ್ಕೆ ಹರಿದಾಡುವ ಕೀಟವೇ ಆಗಬೇಕು. ಹೀಗಾಗಿ ಹಲ್ಲಿಯನ್ನು ಸಾಕುವವನು ಚಿಮ್ಮಂಡೆಯನ್ನೂ ಸಾಕಬೇಕಾಗುತ್ತದೆ.

ಇದಕ್ಕೆ ಬೇಕಾದ ಸಲಕರಣೆ ಅಲ್ಪ. ನುಣುಪು ಗೋಡೆಯ ಪೆಟ್ಟಿಗೆ, ಲೋಹದ ಜಾಲರಿಯ ಮುಚ್ಚಳ (ಬಟ್ಟೆಯನ್ನು ಇವು ಕಡಿದು ಹಾಕುತ್ತವೆ), ನಿಲ್ಲಿಸಿಟ್ಟ ಕಾಗದದ ಮೊಟ್ಟೆತಟ್ಟೆಗಳು, ತೇವದ ಮರಳು ತುಂಬಿದ ಒಂದು ಬಟ್ಟಲು. ಹೆಣ್ಣು ತನ್ನ ಸೂಜಿಯಂತಹ ಅಂಗವನ್ನು ಮರಳಿಗೆ ಚುಚ್ಚಿ ಮೊಟ್ಟೆಯಿಡುತ್ತದೆ. ಮುಂದಿನದೆಲ್ಲ ಉಷ್ಣತೆಯ ಕೆಲಸ. ಕೀಟದ ಮೈ ಸುತ್ತಣ ಗಾಳಿಯ ಉಷ್ಣತೆಯನ್ನೇ ತಳೆಯುವುದರಿಂದ, ಅದರೊಳಗಿನ ರಾಸಾಯನಿಕ ಕ್ರಿಯೆಗಳ ವೇಗವೂ ಅದನ್ನೇ ಅನುಸರಿಸುತ್ತದೆ. 30° ಸೆಂ.ನಲ್ಲಿ ಮೊಟ್ಟೆ ಒಡೆಯಲು ಎರಡು ವಾರಕ್ಕೂ ಕಡಿಮೆ ಕಾಲ ಸಾಕು. ಮರಿ ಹಲವು ಬಾರಿ ಪೊರೆ ಕಳಚಿ ಸುಮಾರು ಎರಡು ತಿಂಗಳೊಳಗೆ ಪ್ರೌಢವಾಗುತ್ತದೆ. ಕೋಣೆ ತಣ್ಣಗಿದ್ದರೆ ಈ ಅವಧಿ ಬಹಳ ಬೆಳೆಯುತ್ತದೆ. ಜಾಗ ಇಕ್ಕಟ್ಟಾಗಿ ಆಹಾರ ಸಾಲದಿದ್ದರೆ ಅವು ಒಂದನ್ನೊಂದು ತಿನ್ನುತ್ತವೆ.

ಮರಿಗಳಿಗೆ ನೀರನ್ನು ಬಟ್ಟಲಿನಲ್ಲಿಡಬಾರದು, ಒದ್ದೆ ಹತ್ತಿಯಲ್ಲಿ ಕೊಡಬೇಕು. ಏಕೆ? ಆಗತಾನೆ ಹುಟ್ಟಿದ ಮರಿಯ ಉದ್ದ ಎರಡು ಮೂರು ಮಿಲಿಮೀಟರು, ತೂಕ ಸುಮಾರು ಒಂದು ಮಿಲಿಗ್ರಾಂ. ಪ್ರಾಣಿ ಚಿಕ್ಕದಾದಂತೆ ಅದರ ಭಾರ ಉದ್ದದ ಘನಕ್ಕೆ ಅನುಗುಣವಾಗಿ ಕುಗ್ಗುತ್ತದೆ. ನೀರಿನ ಮೇಲ್ಮೈ ಎಳೆತದ ಬಲವಾದರೋ ಉದ್ದಕ್ಕೆ ಅನುಗುಣವಾಗಿ ಮಾತ್ರ ಕುಗ್ಗುತ್ತದೆ. ಲೆಕ್ಕ ಹಾಕಿ ನೋಡಿದರೆ, ಮೈ ಒದ್ದೆಯಾದ ಮರಿಯನ್ನು ಹನಿ ಹಿಡಿದಿಡಬಲ್ಲ ಬಲ ಅದರ ಭಾರದ ಹತ್ತಾರು ಪಟ್ಟಾಗುತ್ತದೆ. ನಮಗೆ ಒಂದು ಹನಿಯಾದುದು ಮರಿಗೆ ಅಂಟಿನ ಮಡು.

ಹುಳು ಹೇರಳವಾಗಿ ಬೆಳೆದರೂ ಹಲ್ಲಿ ಬದುಕೀತೆಂಬ ಭರವಸೆಯಿಲ್ಲ. ಚಿಮ್ಮಂಡೆಗೆ ಎಲುಬಿಲ್ಲ, ಅದರ ಹೊರಕವಚ ಕೈಟಿನ್ನಿನದು. ಆದುದರಿಂದ ಅದರಲ್ಲಿ ಕ್ಯಾಲ್ಸಿಯಂ ಅತ್ಯಲ್ಪ, ರಂಜಕ ಅದರ ಹಲವು ಪಟ್ಟು. ಹಲ್ಲಿಗೆ ಬೇಕಾದುದು ಇದಕ್ಕೆ ವಿರುದ್ಧ: ಕ್ಯಾಲ್ಸಿಯಂ ರಂಜಕಕ್ಕಿಂತ ಕಡಿಮೆಯಾಗಕೂಡದು. ಈ ಕೊರತೆ ಮುಂದುವರಿದರೆ ದೇಹ ತನ್ನ ಎಲುಬಿನಿಂದಲೇ ಸಾಲ ಪಡೆಯುತ್ತದೆ. ದವಡೆ ಮೆತ್ತಗಾಗಿ, ಕಾಲು ಬಾಗಿ, ಹೊಟ್ಟೆ ತುಂಬಿದ ಹಲ್ಲಿಯೇ ಸಾಯುತ್ತದೆ. ಪರಿಹಾರ ಸುಲಭ. ತಿನ್ನಿಸುವ ಮುನ್ನ ಎರಡು ಮೂರು ದಿನ ಹುಳುವಿಗೆ ಕ್ಯಾಲ್ಸಿಯಂ ಬೆರೆಸಿದ ಹಿಟ್ಟನ್ನು ಕೊಟ್ಟು, ಕೊಡುವಾಗ ಮೈಗೂ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಡಿಯನ್ನು ಸವರಬೇಕು. ಸವರಿದ ಹುಳುವನ್ನು ಕೂಡಲೇ ಕೊಡತಕ್ಕದ್ದು. ತಡಮಾಡಿದರೆ ಅದು ಪುಡಿಯನ್ನು ಒರಸಿಕೊಂಡುಬಿಡುತ್ತದೆ. ಕ್ಯಾಲ್ಸಿಯಂ ರಕ್ತಕ್ಕೆ ಸೇರಲು ಡಿ ಜೀವಸತ್ವವೂ ಬೇಕು. ಅದನ್ನು ಚರ್ಮದಲ್ಲಿ ಉಂಟುಮಾಡುವ ಅತಿನೇರಳೆ ಕಿರಣಗಳನ್ನು ಕಿಟಕಿಯ ಗಾಜು ಬಹುಮಟ್ಟಿಗೆ ತಡೆಯುವುದರಿಂದ, ಕಿಟಕಿಯ ಬಿಸಿಲನ್ನು ನಂಬಿ ಕೂರುವಂತಿಲ್ಲ.

ಇನ್ನೊಂದು ಅಪಾಯ ವೈರಸ್ಸಿನದು. 2010ರ ಸುಮಾರಿಗೆ ಉತ್ತರ ಅಮೆರಿಕದ ದೊಡ್ಡ ಚಿಮ್ಮಂಡೆ ಸಾಕಣೆಕೇಂದ್ರಗಳಲ್ಲಿ ಡೆನ್ಸೊವೈರಸ್ ಎಂಬುದು ಹರಡಿ, ಕೆಲವು ಮುಚ್ಚಿಯೇ ಹೋದುವು. ಇದು ಕೀಟಗಳ ರೋಗ. ಮನೆಯಲ್ಲಿ ಸಾಕುವವರು ಒಂದೇ ದೊಡ್ಡ ಪೆಟ್ಟಿಗೆಯ ಬದಲು ಎರಡು ಚಿಕ್ಕವನ್ನು ಬೇರೆ ಬೇರೆ ಕೋಣೆಗಳಲ್ಲಿಟ್ಟು, ಹೊಸದಾಗಿ ತಂದ ಹುಳುಗಳನ್ನು ಹಳೆಯವುಗಳೊಡನೆ ಬೆರೆಸದಿರುವುದು ಮೇಲು.