ಹೃದಯದ ಲಯವೂ ಔಷಧಸೇವನೆಯ ಎಚ್ಚರವೂ

ಕಾಯಕಕ್ಕೆ ಕಾಯವೇ ಆಧಾರ. ಶಿವನಿತ್ತ ಈ ಕಾಯವನ್ನು ನಡೆಸುವ ಹೃದಯವು ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯುತ್ತದೆ. ಹೃದಯಕ್ಕೆ ಸಂಬಂಧವೇ ಇಲ್ಲವೆಂದು ನಾವು ಭಾವಿಸುವ ಮಾತ್ರೆಗಳೂ ಕೆಲವೊಮ್ಮೆ ಅದರ ಲಯವನ್ನು ಕೆಡಿಸಬಲ್ಲವು. ಇದು ಹೇಗೆ ಸಾಧ್ಯ ಎಂಬುದನ್ನು ಒಂದು ನೈಜ ಪ್ರಸಂಗದ ಮೂಲಕ ಅರಿಯೋಣ.

ಟರ್ಫೆನಡಿನ್ ಎಂಬುದು ಸೀನು, ನೆಗಡಿ, ಅಲರ್ಜಿಗಳಿಗೆ ಕೊಡುತ್ತಿದ್ದ ಮಾತ್ರೆ. 1985ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಹಳೆಯ ಅಲರ್ಜಿ ಮಾತ್ರೆಗಳಂತೆ ತೂಕಡಿಕೆ ತರದ ಕಾರಣ ಅದು ಬಹು ಜನಪ್ರಿಯವಾಯಿತು. 1990ರಲ್ಲಿ ಅಲ್ಲಿನ ವೈದ್ಯರು ಒಂದು ಪ್ರಕರಣವನ್ನು ವರದಿ ಮಾಡಿದರು. 39 ವರ್ಷದ ಮಹಿಳೆಯೊಬ್ಬರು ವೈದ್ಯರ ಸಲಹೆಯಂತೆ ಈ ಮಾತ್ರೆಯನ್ನು ಸೇವಿಸುತ್ತಿದ್ದರು. ಅದರ ಜೊತೆಗೆ, ಯಾರನ್ನೂ ಕೇಳದೆ, ಶಿಲೀಂಧ್ರದ ಸೋಂಕಿಗೆಂದು ಕೀಟೋಕೊನಜೋಲ್ ಮಾತ್ರೆಯನ್ನೂ ಆರಂಭಿಸಿದರು. ಕೆಲವೇ ದಿನಗಳಲ್ಲಿ ಅವರಿಗೆ ಮತ್ತೆ ಮತ್ತೆ ಮೂರ್ಛೆ ಬರತೊಡಗಿತು. ಪರೀಕ್ಷಿಸಿದಾಗ ಹೃದಯದ ಲಯವೇ ತಪ್ಪಿರುವುದು ಕಂಡುಬಂದಿತು.

ಎರಡು ಸಾಮಾನ್ಯ ಮಾತ್ರೆಗಳು ಕೂಡಿ ಹೀಗೇಕೆ ಮಾಡಿದವು? ಇದಕ್ಕೆ ಉತ್ತರ ಹುಡುಕಿದವರಲ್ಲಿ ಪ್ರಮುಖರು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಔಷಧವಿಜ್ಞಾನಿ ರೇಮಂಡ್ ವೂಸ್ಲಿ. ಪ್ರತಿ ಮಿಡಿತದ ನಂತರ ಹೃದಯದ ಕೋಶಗಳು ಮುಂದಿನ ಮಿಡಿತಕ್ಕೆ ಅಣಿಯಾಗಬೇಕು. ಅದಕ್ಕಾಗಿ ಪೊಟ್ಯಾಸಿಯಂ ಕಣಗಳು ಕೋಶದ ಸೂಕ್ಷ್ಮ ದ್ವಾರಗಳಿಂದ ಹೊರಹೋಗಬೇಕು. ಟರ್ಫೆನಡಿನ್ ಈ ದ್ವಾರಗಳನ್ನು ಮುಚ್ಚುತ್ತದೆ ಎಂಬುದನ್ನು ವೂಸ್ಲಿ ಮತ್ತು ಸಂಗಡಿಗರು ಬೆಕ್ಕಿನ ಹೃದಯಕೋಶಗಳ ಮೇಲೆ ಪ್ರಯೋಗ ನಡೆಸಿ 1993ರಲ್ಲಿ ತೋರಿಸಿದರು. ದ್ವಾರ ಮುಚ್ಚಿದರೆ ಹೃದಯವು ಅಣಿಯಾಗುವುದು ತಡವಾಗುತ್ತದೆ. ಇ.ಸಿ.ಜಿ.ಯಲ್ಲಿ ಇದು ‘ಕ್ಯೂಟಿ’ ಅವಧಿ ಹಿಗ್ಗಿದಂತೆ ಕಾಣುತ್ತದೆ. ಅದು ಅತಿಯಾದರೆ ಲಯ ತಪ್ಪಿ, ಮೂರ್ಛೆ ಬಂದು, ಹಠಾತ್ ಮರಣವೂ ಸಂಭವಿಸಬಹುದು.

ಹಾಗಾದರೆ ಲಕ್ಷಾಂತರ ಜನರಿಗೆ ಏನೂ ಆಗಲಿಲ್ಲವೇಕೆ? ನುಂಗಿದ ಟರ್ಫೆನಡಿನ್ ಅನ್ನು ಯಕೃತ್ತು ಬಹುಬೇಗ ಬೇರೊಂದು ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಅಲರ್ಜಿಯನ್ನು ಶಮನಗೊಳಿಸುವುದು ಆ ವಸ್ತುವೇ. ಅದು ಹೃದಯದ ದ್ವಾರಗಳನ್ನು ಮುಚ್ಚುವುದಿಲ್ಲ. ಆದರೆ ಕೀಟೋಕೊನಜೋಲ್ ಯಕೃತ್ತಿನ ಈ ಕೆಲಸವನ್ನೇ ತಡೆಯುತ್ತದೆ. ಆಗ ಮೂಲ ಔಷಧವು ರಕ್ತದಲ್ಲಿ ಉಳಿದು, ಹೃದಯವನ್ನು ಮುಟ್ಟುತ್ತದೆ. ಯಕೃತ್ತು ತಯಾರಿಸುತ್ತಿದ್ದ ಆ ನಿರಪಾಯಕಾರಿ ವಸ್ತುವೇ ಮುಂದೆ ಫೆಕ್ಸೊಫೆನಡಿನ್ ಎಂಬ ಹೊಸ ಮಾತ್ರೆಯಾಯಿತು. ಇಂದು ನಮ್ಮ ಔಷಧದಂಗಡಿಗಳಲ್ಲಿಯೂ ಅದು ದೊರೆಯುತ್ತದೆ. 1998ರ ವೇಳೆಗೆ ಟರ್ಫೆನಡಿನ್ ಅಮೆರಿಕದ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ವೂಸ್ಲಿಯವರು ಅಷ್ಟಕ್ಕೇ ನಿಲ್ಲದೆ, ಹೃದಯದ ಲಯಕ್ಕೆ ಅಪಾಯ ತರಬಲ್ಲ ಔಷಧಗಳ ಪಟ್ಟಿಯನ್ನು ವೈದ್ಯರಿಗೂ ಜನರಿಗೂ ಮುಕ್ತವಾಗಿ ದೊರೆಯುವಂತೆ ಮಾಡಿದರು.

ಆ ಔಷಧ ಹೋಯಿತು, ಅಪಾಯ ಹೋಗಲಿಲ್ಲ. ನಮ್ಮಲ್ಲಿ ಹುಳಿತೇಗು, ಹೊಟ್ಟೆಯುಬ್ಬರಗಳಿಗೆ ಧಾರಾಳವಾಗಿ ನುಂಗುವ ಅನೇಕ ಮಾತ್ರೆಗಳಲ್ಲಿ ಡಾಂಪೆರಿಡೋನ್ ಇರುತ್ತದೆ. ಅದೂ ಕ್ಯೂಟಿ ಅವಧಿಯನ್ನು ಹಿಗ್ಗಿಸಬಲ್ಲುದು. ಅದನ್ನು ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಬಳಸಬಾರದೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಸೂಚಿಸಿತು. ಗಜಕರ್ಣಕ್ಕೆ ಕೊಡುವ ಇಟ್ರಾಕೊನಜೋಲ್, ಕೆಮ್ಮು-ಕಫಕ್ಕೆ ಕೊಡುವ ಕ್ಲಾರಿತ್ರೊಮೈಸಿನ್ ಅದರ ಜೊತೆ ಸೇರಿದರೆ ಅಪಾಯ ಹೆಚ್ಚುತ್ತದೆ. ವೃದ್ಧರು, ಮಹಿಳೆಯರು, ಹೃದ್ರೋಗಿಗಳು, ವಾಂತಿಭೇದಿಯಿಂದ ಪೊಟ್ಯಾಸಿಯಂ ಕಳೆದುಕೊಂಡವರು ವಿಶೇಷ ಎಚ್ಚರ ವಹಿಸಬೇಕು.

ಆದುದರಿಂದ ಸದ್ಭಕ್ತರು ಈ ಕೆಲವು ನಿಯಮಗಳನ್ನು ಪಾಲಿಸುವುದು ಒಳಿತು:

1. ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟು, ಯಾವ ವೈದ್ಯರ ಬಳಿ ಹೋದರೂ ತೋರಿಸಬೇಕು. ಅಂಗಡಿಯಿಂದ ತಾವೇ ಕೊಂಡ ಮಾತ್ರೆ, ನಾಟಿ ಔಷಧಗಳೂ ಅದರಲ್ಲಿರಲಿ.

2. ಹಳೆಯ ಚೀಟಿಯನ್ನು ತೋರಿಸಿ ಮತ್ತೆ ಔಷಧ ಕೊಳ್ಳಬಾರದು. ಮನೆಯಲ್ಲಿ ಉಳಿದ ಮಾತ್ರೆಯನ್ನು ಮತ್ತೊಬ್ಬರಿಗೆ ಕೊಡಬಾರದು.

3. ಹೊಸ ಔಷಧ ಆರಂಭಿಸಿದ ಮೇಲೆ ಎದೆ ಡವಗುಟ್ಟಿದರೆ, ಕಣ್ಣು ಕತ್ತಲಿಟ್ಟರೆ, ಮೂರ್ಛೆ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

4. ಇದನ್ನೋದಿ ಭಯಪಟ್ಟು, ವೈದ್ಯರು ಬರೆದುಕೊಟ್ಟ ಔಷಧವನ್ನು ತಾವಾಗಿ ನಿಲ್ಲಿಸಬಾರದು. ಅನುಮಾನವಿದ್ದರೆ ಅವರನ್ನೇ ಕೇಳಬೇಕು.

ಆ ಮಹಿಳೆ ನುಂಗಿದ ಎರಡು ಮಾತ್ರೆಗಳಲ್ಲಿ ಒಂದರ ವಿಷಯ ಮಾತ್ರ ವೈದ್ಯರಿಗೆ ತಿಳಿದಿತ್ತು. ಎರಡನೆಯದನ್ನೂ ತಿಳಿಸುವ ಹೊಣೆ ನಮ್ಮೆಲ್ಲರದು. ಔಷಧಸೇವನೆಯಲ್ಲಿಯೂ ಅರಿವೇ ಗುರು.