ಐದು ಕೆವಿಎ ಗಿರಿ ಹತ್ತಿದಾಗ

ಜನರೇಟರ್ ಡಬ್ಬದ ಮೇಲಿನ ಕೆವಿಎ ಸಮುದ್ರಮಟ್ಟದ ಆಸುಪಾಸಿನ ಗಾಳಿಗೆ ಬರೆದದ್ದು. ಮಂಗಳೂರಿನಲ್ಲಿ ಅದು ಹೆಚ್ಚುಕಮ್ಮಿ ನಿಜ. ಮೂರು ಸಾವಿರ ಅಡಿ ಎತ್ತರದಲ್ಲಿರುವ ಬೆಂಗಳೂರಿನ ನಮ್ಮ ಶೇಷಾದ್ರಿಪುರದಲ್ಲಿ ಹತ್ತು ಪರ್ಸೆಂಟ್ ಕಳೆಯಬೇಕು, ಚಿಕ್ಕಮಗಳೂರಿನ ಕೈಮರ ದಾಟಿ ಗಿರಿ ಹತ್ತಿದರೆ ಇನ್ನೂ ಹೆಚ್ಚು. ಅಂಗಡಿಯವನು ಮಾತ್ರ ಎಲ್ಲ ಊರಿಗೂ ಒಂದೇ ರೇಟು ಹಾಕುತ್ತಾನೆ.

ಭಾಮೈದನ ಕಾಫಿ ತೋಟದ ಮನೆ ಇರುವುದು ಆ ಗಿರಿಯಲ್ಲೇ, ನಾಲ್ಕು ಸಾವಿರ ಅಡಿಯಲ್ಲಿ. ಕರೆಂಟ್ ಲೈನ್ ಎಳೆಸಲು ಕಂಬಗಳ ಖರ್ಚು ಕೇಳಿ ಸುಮ್ಮನಾಗಿದ್ದೆವು. ಸೋಲಾರ್ ಇದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದಡಿ ಅದು ಬರೀ ಶೋಕಿಗೆ. ಪೆಟ್ರೋಲಿಗೂ ಗ್ಯಾಸಿಗೂ ಓಡುವ 5 ಕೆವಿಎ ಜನರೇಟರ್ ಕೊಳ್ಳುವ ತೀರ್ಮಾನ ನನ್ನದು, 84 ಸಾವಿರದ ಚೆಕ್ಕೂ ನನ್ನದೇ. ಬೆಂಗಳೂರಿನಲ್ಲೇ ಕೊಂಡು, ಮನೆ ಮುಂದೆ ಅರ್ಧ ಎಚ್‌ಪಿ ಸಂಪ್ ಮೋಟರು, ಫ್ರಿಜ್ಜು, ಇಸ್ತ್ರಿಪೆಟ್ಟಿಗೆ ಹಾಕಿ ನೋಡಿದೆ. ಸಲೀಸಾಗಿ ಎಳೆಯಿತು. ತೋಟ ಸೇರಿದ ಮೇಲೆ ಫೋನು ಬಂತು: "ಭಾವ, ಮೋಟರ್ ಹಾಕಿದ್ರೆ ಹೂಂ ಅಂತ ಗುಂಯ್‌ಗುಟ್ಟುತ್ತೆ, ಬಲ್ಬು ಕೆಂಪಗಾಗುತ್ತೆ, ಆಮೇಲೆ ಜನರೇಟರೇ ನಿಂತುಹೋಗುತ್ತೆ."

ಲೆಕ್ಕ ಹಾಕೋಣ. 5 ಕೆವಿಎ ಎಂದರೆ 0.8 ಪವರ್ ಫ್ಯಾಕ್ಟರಿನಲ್ಲಿ 4 ಕಿಲೋವ್ಯಾಟ್. ಅದೂ ಗರಿಷ್ಠ, ಒಂದೇ ಸಮ ಓಡಬೇಕಾದರೆ ಹತ್ತರಲ್ಲೊಂದು ಭಾಗ ಬಿಡಬೇಕು, 3.6. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಮೂರೂವರೆ ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತದೆ. ನಾಲ್ಕು ಸಾವಿರ ಅಡಿಗೆ 14 ಹೋಯಿತು, ಉಳಿದದ್ದು 3.1. ಗ್ಯಾಸಿಗೆ ತಿರುಗಿಸಿದರೆ, ಸಿಲಿಂಡರಿನೊಳಗೆ ಗಾಳಿಯ ಜಾಗವನ್ನು ಗ್ಯಾಸೇ ಆಕ್ರಮಿಸಿ ಮತ್ತೊಂದು ಹತ್ತು ಪರ್ಸೆಂಟ್ ಖೋತಾ: 2.8. ತೋಟದ ಮೋಟರು 2 ಎಚ್‌ಪಿ. ಓಡುವಾಗ ಎರಡು ಕಿಲೋವ್ಯಾಟ್ ಚಿಲ್ಲರೆ ಸಾಕು. ಏಳುವ ಕ್ಷಣಕ್ಕೆ ಮಾತ್ರ ಮೂರು ಪಟ್ಟು ಬೇಕು, ಆರರ ಮೇಲೆ. ಮಂಗಳೂರಿನಲ್ಲೂ ಇದು ತಿಣುಕಾಟವೇ, ಗಿರಿಯಲ್ಲಂತೂ ಆಗದ ಮಾತು. 84 ಸಾವಿರವನ್ನು ಡಬ್ಬದ 4ರಿಂದ ಭಾಗಿಸಿದರೆ ಕಿಲೋವ್ಯಾಟಿಗೆ 21 ಸಾವಿರ. ಕೈಗೆ ಸಿಕ್ಕ 2.8ರಿಂದ ಭಾಗಿಸಿದರೆ 30 ಸಾವಿರ.

ಎತ್ತರದ ಕಾಟ ಇಷ್ಟಕ್ಕೇ ಮುಗಿಯುವುದಿಲ್ಲ. ಕಾರ್ಬುರೇಟರಿನ ಜೆಟ್ಟಿಗೆ ಗಿರಿ ಗೊತ್ತಿಲ್ಲ. ಗಾಳಿ ತೆಳುವಾದರೂ ಪೆಟ್ರೋಲ್ ಹೆಚ್ಚುಕಮ್ಮಿ ಅಷ್ಟೇ ಬಿಡುತ್ತದೆ. ಪ್ಲಗ್ ಬಿಚ್ಚಿದರೆ ಸೌದೆ ಒಲೆಯ ಮಸಿ. ಸಣ್ಣ ಜೆಟ್ ಹಾಕಿಸಿದರೆ ಪೆಟ್ರೋಲ್ ಉಳಿಯುತ್ತದೆ, ಹೋದ ಶಕ್ತಿ ವಾಪಸ್ ಬರುವುದಿಲ್ಲ.

ಗ್ಯಾಸ್ ಕಿಟ್ ವಿಷಯಕ್ಕೆ ಬಂದರೆ ನನ್ನ ಸಹನೆ ಮುಗಿಯುತ್ತದೆ. "ಅರ್ಧ ಖರ್ಚು ಸಾರ್" ಎಂದಿದ್ದ ಅಂಗಡಿಯವನು. ಅರ್ಧವಲ್ಲ. 19 ಕೆಜಿ ಸಿಲಿಂಡರಿಗೆ 1,800 ಹಿಡಿದರೆ, 42 ಯೂನಿಟ್ ಬಂದರೆ ಹೆಚ್ಚು, ಯೂನಿಟ್ಟಿಗೆ 43 ರೂಪಾಯಿ. ಪೆಟ್ರೋಲಿನಲ್ಲಿ ಲೀಟರಿಗೆ 103ರಂತೆ 64. ಉಳಿತಾಯ ಮೂರರಲ್ಲೊಂದು, ಒಪ್ಪಿದೆ. ಆದರೆ ಸಿಲಿಂಡರನ್ನು ಜೀಪಿನಲ್ಲಿ ಮೇಲೆ ಹೊರಬೇಕು. ಮಳೆಗಾಲದ ಬೆಳಗ್ಗೆ ಅದರ ಕೆಳಭಾಗ ಬೆವರಿ, ಬೆಳ್ಳಗೆ ಹಿಮ ಕಟ್ಟಿ, ಗ್ಯಾಸೇ ಮೇಲೇಳುವುದಿಲ್ಲ. ಬಿಸಿನೀರು ಸುರಿಯಿರಿ ಅನ್ನುತ್ತಾರೆ! ಅಡುಗೆಮನೆಯ 14.2 ಕೆಜಿ ಸಿಲಿಂಡರ್ ಸಿಕ್ಕಿಸಿಕೊಳ್ಳಿ ಎಂದು ಕಣ್ಣು ಮಿಟುಕಿಸುವವರೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ.

ಇನ್ನು ಮನೆಯವರ ಅಭ್ಯಾಸ. ಜನರೇಟರ್ ಶುರುವಾದರೆ ಎಲ್ಲರೂ ಟೀವಿ ಮುಂದೆ. ಮುನ್ನೂರು ವ್ಯಾಟಿಗಾಗಿ ಐದು ಕೆವಿಎ ಎಂಜಿನ್ ಮೂರು ತಾಸು ಗುಡುಗಿದರೆ, ಮೇಲೆ ಹೇಳಿದ 64 ರೂಪಾಯಿ ಎರಡು ಪಟ್ಟನ್ನೂ ಮೀರುತ್ತದೆ. ಬ್ಯಾಟರಿ ಚಾರ್ಜು, ನೀರು, ಮಿಕ್ಸಿ, ಇಸ್ತ್ರಿ, ಎಲ್ಲವನ್ನೂ ಒಂದೇ ತಾಸಿಗೆ ಜೋಡಿಸಿ, ಆಫ್ ಮಾಡಿ, ರಾತ್ರಿಗೆ ಇನ್‌ವರ್ಟರ್ ಇಟ್ಟುಕೊಳ್ಳಬೇಕು. ಶಿವನಸಮುದ್ರದ ಕರೆಂಟಿಗೆ ಬುನಾದಿ ಹಾಕಿದ ದಿವಾನ್ ಶೇಷಾದ್ರಿ ಅಯ್ಯರ್ ಹೆಸರಿನ ಬಡಾವಣೆಯಲ್ಲಿ ಕೂತು, ಯೂನಿಟ್ಟಿಗೆ ಆರು ರೂಪಾಯಿಯಾಯಿತೆಂದು ಗೊಣಗುವ ನಮಗೆ ಈ ಶಿಸ್ತು ಬರುವುದು ನಿಧಾನ. ಗೃಹಜ್ಯೋತಿ ಯೋಜನೆಯ ಸೊನ್ನೆ ಬಿಲ್ಲು ಬಂದ ಮೇಲಂತೂ ಗೀಸರ್ ಆರಿಸಿ ಎನ್ನುವವನೇ ಮನೆಯಲ್ಲಿ ಜಿಪುಣ.

ಕೊನೆಗೆ ಜನರೇಟರ್ ಬದಲಿಸಲಿಲ್ಲ, ಮೋಟರ್ ಬದಲಿಸಿದೆವು. 1 ಎಚ್‌ಪಿ ಮಾನೋಬ್ಲಾಕ್, ಜೊತೆಗೆ ದೊಡ್ಡ ಟ್ಯಾಂಕು, ಎರಡೂ ಸೇರಿ 22 ಸಾವಿರ. ಟ್ಯಾಂಕು ತುಂಬಲು ಹೊತ್ತು ಹಿಡಿಯುತ್ತದೆ, ಅಷ್ಟೆ. ಪೆಟ್ರೋಲಿನಲ್ಲಿ ಮೋಟರು ಒಂದೇ ಏಟಿಗೆ ಏಳುತ್ತದೆ, ಗ್ಯಾಸಿನಲ್ಲಿ ತಡವರಿಸಿ.

ಭಾಮೈದನಿಗೆ ಇನ್ನೂ ಡೀಸೆಲ್ ಮೇಲೆ ಆಸೆ. ಟರ್ಬೊ ಇಲ್ಲದ ಸಣ್ಣ ಡೀಸೆಲ್ಲೂ ಎತ್ತರಕ್ಕೆ ಸೊರಗುವುದೇ, ಹೊಗೆಯೂ ಕಪ್ಪು. ಆದರೆ ಲೀಟರಿಗೆ 91ರಲ್ಲಿ ಎರಡೂವರೆ ಯೂನಿಟ್ ಕೊಡುತ್ತದೆ, ಯೂನಿಟ್ಟಿಗೆ 36. ಪೆಟ್ರೋಲಿಗಿಂತ 28 ಉಳಿಯಿತು. ಕೊಟೇಶನ್ನಿನಲ್ಲಿ ಬೆಲೆ ಒಂದು ಲಕ್ಷ ಜಾಸ್ತಿ. ಮಳೆಯ ನಾಲ್ಕು ತಿಂಗಳು ದಿನಕ್ಕೆ ಮೂರು ಯೂನಿಟ್ ಎಂದರೂ ವರ್ಷಕ್ಕೆ 360, ಉಳಿತಾಯ ಹತ್ತು ಸಾವಿರ. ಲಕ್ಷ ವಸೂಲಾಗಲು ಹತ್ತು ವರ್ಷ, ಬಡ್ಡಿ ಹಿಡಿಯದೆ. ಕೊಟೇಶನ್ ವಾಪಸ್ ಕಳಿಸಿದ್ದೇನೆ.